ಮೂರು ಗೇಮಿಂಗ್ ಪಿಸಿಗೆ ಒಂದು ಲಿನಕ್ಸ್ ಗೇಟ್‌ವೇ

ನಾನು, ತಮ್ಮ, ಅತ್ತೆ ಮಗ ಮೂವರೂ ರಾತ್ರಿ ಒಟ್ಟಿಗೆ ಆಡುತ್ತೇವೆ. ಅದಕ್ಕೇ ಹಳೇ ಪಿಸಿಗೆ ಇನ್ನೊಂದು ನೆಟ್‌ವರ್ಕ್ ಕಾರ್ಡ್ ಹಾಕಿ ಡೆಬಿಯನ್ (ಒಂದು ಬಗೆಯ ಲಿನಕ್ಸ್) ಇನ್‌ಸ್ಟಾಲ್ ಮಾಡಿ, ಮೂರೂ ಪಿಸಿಗೆ ಇಂಟರ್‌ನೆಟ್ ಹಂಚುವ ಗೇಟ್‌ವೇ ಮಾಡಿದೆ. ಒಂದು ಕಾರ್ಡ್ ಮೋಡೆಮ್‌ಗೆ, ಇನ್ನೊಂದು ಸ್ವಿಚ್‌ಗೆ. ಮೋಡೆಮ್ ಬ್ರಿಡ್ಜ್ ಮೋಡ್‌ನಲ್ಲಿರಲಿ, ಅಂದರೆ ಅದು ತಾನೇ ರೌಟರ್ ಆಗದೆ ಸಂಪರ್ಕವನ್ನು ನೇರ ಈ ಪಿಸಿಗೆ ಬಿಡಲಿ.

ಮೊದಲು ಐಪಿ ಫಾರ್ವರ್ಡಿಂಗ್ (ಒಂದು ಕಾರ್ಡ್‌ಗೆ ಬಂದಿದ್ದನ್ನು ಇನ್ನೊಂದಕ್ಕೆ ದಾಟಿಸುವುದು) ಆನ್ ಮಾಡಿ. ಲಿನಕ್ಸ್‌ನ ಫೈರ್‌ವಾಲ್ ಆದ ಎನ್‌ಎಫ್‌ಟೇಬಲ್ಸ್‌ನಲ್ಲಿ ಹೊರಗಿನ (ಮೋಡೆಮ್ ಕಡೆಯ) ಕಾರ್ಡ್‌ಗೆ ಮಾಸ್ಕರೇಡ್ ರೂಲ್ ಬರೆಯಿರಿ; ಆಗ ಮೂರೂ ಪಿಸಿ ಹೊರಗೆ ಒಂದೇ ಐಪಿಯಿಂದ ಕಾಣುತ್ತವೆ. ಹೊರಗಿಂದ ಬರುವುದರಲ್ಲಿ ನಾವು ಕೇಳಿದ್ದಕ್ಕೆ ಬಂದ ಉತ್ತರ ಬಿಟ್ಟು ಉಳಿದಿದ್ದೆಲ್ಲ ಡ್ರಾಪ್ ಆಗಲಿ. ಬರೀ ಆಡುವುದಕ್ಕೆ ಬಹುಪಾಲು ಇಷ್ಟು ಸಾಕು.

ಸರ್ವರ್ ನಡೆಸಬೇಕಾದರೆ ಪೋರ್ಟ್ (ಹೊರಗಿನವರು ಬರುವ, ನಂಬರ್ ಇರುವ ಬಾಗಿಲು) ತೆರೆಯಬೇಕು. ಮೈನ್‌ಕ್ರಾಫ್ಟ್ ಜಾವಾ ಎಡಿಷನ್‌ಗೆ ಟಿಸಿಪಿ 25565. ಆದರೆ ಹೊರಗಿನ ಒಂದು ಪೋರ್ಟ್ ಒಂದೇ ಪಿಸಿಗೆ ಹೋಗುತ್ತದೆ, ಅಲ್ವಾ? ಹಾಗಾಗಿ ತಮ್ಮನಿಗೆ ಹೊರಗೆ 25566 ಕೊಟ್ಟು, ಒಳಗೆ ಅವನ ಪಿಸಿಯ 25565ಕ್ಕೆ ಡಿನ್ಯಾಟ್ ಮಾಡಿದೆ, ಅಂದರೆ ತಿರುಗಿಸಿದೆ. ಫಾರ್ವರ್ಡ್ ಚೈನ್‌ನಲ್ಲೂ (ದಾಟಿ ಹೋಗುವುದಕ್ಕಿರುವ ರೂಲ್‌ಗಳ ಪಟ್ಟಿ) ಅದಕ್ಕೆ ಅನುಮತಿ ಕೊಡಿ, ಇದನ್ನು ಮರೆಯುವವರೇ ಜಾಸ್ತಿ.

ಇಷ್ಟಾದರೂ ಗೆಳೆಯರಿಗೆ ಸರ್ವರ್ ಒಳಗೆ ಬರಲಾಗಲಿಲ್ಲ. ಎರಡು ರಾತ್ರಿ ಸುಮ್ನೆ ರೂಲ್ ತಿದ್ದಿದೆ. ಕೊನೆಗೆ ನೋಡಿದರೆ ಹೊರಗಿನ ಕಾರ್ಡ್‌ನ ಐಪಿ 100.72 ಅಂತ ಶುರುವಾಗಿತ್ತು! 100.64ರಿಂದ 100.127ರವರೆಗಿನದು ಇಂಟರ್‌ನೆಟ್ ಕೊಡುವವರ ನ್ಯಾಟ್ (ಹಲವು ಗ್ರಾಹಕರಿಗೆ ಒಂದೇ ಪಬ್ಲಿಕ್ ಐಪಿ ಹಂಚುವ ವ್ಯವಸ್ಥೆ) ಒಳಗಿನ ವಿಳಾಸ. ನಮ್ಮ ರೂಲ್ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಪಬ್ಲಿಕ್ ಐಪಿ ಕೇಳಿ ಹಾಕಿಸಿಕೊಳ್ಳಿ.

ಯಾರಾದರೂ ವಿಡಿಯೋ ಅಪ್‌ಲೋಡ್ ಮಾಡಿದಾಗ ಪಿಂಗ್ (ಸರ್ವರ್‌ಗೆ ಹೋಗಿ ಬರುವ ಸಮಯ) ಏರಿದರೆ, ಹೊರಗಿನ ಕಾರ್ಡ್‌ಗೆ ಕೇಕ್ ಕ್ಯೂ ಹಾಕಿ; ಅದು ವೇಗಕ್ಕೆ ಮಿತಿ ಇಟ್ಟು ಎಲ್ಲರಿಗೂ ಸಮನಾಗಿ ಹಂಚುತ್ತದೆ. ನಮ್ಮ ಅಪ್‌ಲೋಡ್ 20 ಎಂಬಿಪಿಎಸ್, ಮಿತಿ 18 ಇಟ್ಟಿದ್ದೇನೆ.