ಚೆದುರಿದ ಫೋರ್‌ಟ್ರಾನ್ ಕಾರ್ಡ್‌ಗಳನ್ನು ಮತ್ತೆ ಸಾಲಿಗೆ ತಂದದ್ದು

ಫೋರ್‌ಟ್ರಾನ್ ಭಾಷೆಯ ಪ್ರೋಗ್ರಾಮನ್ನು ಸಾಲಿಗೊಂದು ಕಾರ್ಡ್‌ನಂತೆ ತೂತು ಹೊಡೆದು ಬರೆಯುತ್ತಿದ್ದ ಕಾಲ. ಕಾರ್ಡ್ ಟ್ರೇ ಕೈಜಾರಿತ್ತು. ಎತ್ತಿ ಜೋಡಿಸಿ ಕಾರ್ಡ್ ಓದುವ ರೀಡರ್‌ಗೆ ಹಾಕಿದರೆ ಕಂಪೈಲರ್ (ಪ್ರೋಗ್ರಾಮನ್ನು ಯಂತ್ರಭಾಷೆಗೆ ತಿರುಗಿಸುವ ತಂತ್ರಾಂಶ) ಎಲ್ಲೆಲ್ಲೋ ತಪ್ಪು ತೋರಿಸುತ್ತಿತ್ತು. ಕೆಲವು ಸಾಲುಗಳನ್ನು ಮತ್ತೆ ಮತ್ತೆ ಓಡಿಸುವ ಡೂ ಲೂಪ್ ಒಂದು ಕಡೆ, ಅದನ್ನು ಮುಗಿಸುವ ಕಂಟಿನ್ಯೂ ಸಾಲು ಇನ್ನೊಂದು ಕಡೆ.

ಕ್ರಮ ತಿಳಿಯಲೆಂದು ಕಟ್ಟಿನ ಮೇಲೆ ಓರೆಯಾಗಿ ಎಳೆದಿದ್ದ ಗೆರೆ ಕೆಲಸಕ್ಕೆ ಬರಲಿಲ್ಲ. ಆಮೇಲೆ ಸೇರಿಸಿದ ಕಾರ್ಡ್‌ಗಳಲ್ಲಿ ಗೆರೆಯೇ ಇಲ್ಲ, ಅಲ್ವಾ? ಹಳೇ ಪ್ರಿಂಟ್‌ಔಟ್ ನೋಡಿ ಕೈಯಲ್ಲಿ ಜೋಡಿಸುವುದೂ ಮುಗಿಯುವ ಕೆಲಸವಲ್ಲ. ಸಾರ್ಟರ್‌ನಲ್ಲಿ (ಕಾರ್ಡ್‌ನ ಒಂದು ಕಾಲಂನ, ಅಂದರೆ ಒಂದು ಅಕ್ಷರದ ಜಾಗದ, ತೂತು ನೋಡಿ ಕಾರ್ಡ್‌ಗಳನ್ನು ಖಾನೆಗಳಿಗೆ ಹಂಚುವ ಯಂತ್ರ) ಸಂಖ್ಯೆಯ ಎಡಗಡೆಯ ಕಾಲಂನಿಂದ ಶುರು ಮಾಡಿದರೆ ಮುಂದಿನ ಸುತ್ತು ಹಿಂದಿನದನ್ನು ಕೆಡಿಸುತ್ತದೆ.

ಕೆಲಸ ಮಾಡಿದ್ದು ಬಲದಿಂದ ಎಡಕ್ಕೆ ಹೋಗುವ ಕ್ರಮ. 73ರಿಂದ 80ರವರೆಗಿನ ಕಾಲಂಗಳನ್ನು ಕಂಪೈಲರ್ ನೋಡುವುದಿಲ್ಲ. ಕಾರ್ಡ್‌ಗಳ ಕ್ರಮ ಹೇಳುವ ನಮ್ಮ ಸಾಲು ಸಂಖ್ಯೆ 76ರಿಂದ 80ರಲ್ಲಿತ್ತು. ಐಬಿಎಂ 083 ಸಾರ್ಟರ್‌ನಲ್ಲಿ ಮೊದಲು ಕಾಲಂ 80 ಇಡಿ. ಕಾರ್ಡ್‌ಗಳನ್ನು ಮುಖ ಕೆಳಗೆ, 9ರ ಅಂಚು (ಕಾರ್ಡ್‌ನ ಕೆಳಗಿನ ಅಂಚು) ಮುಂದೆ ಇರುವಂತೆ ಹಾಕಿ. ಓಡಿದ ಮೇಲೆ 0 ಖಾನೆಯ ಕಟ್ಟು ಅಡಿಯಲ್ಲಿ, ಅದರ ಮೇಲೆ 1, ಹೀಗೆ 9ರವರೆಗೆ ಪೇರಿಸಿ. ಖಾನೆಯೊಳಗಿನ ಕ್ರಮ ಕದಲಬಾರದು, ಮುಖ್ಯವಾದದ್ದು ಇದೇ. ಆಮೇಲೆ 79, 78, 77, 76.

ಪೇರಿಸುವ ಮುಂಚೆ ಪ್ರತಿ ಖಾನೆಯ ಕಟ್ಟನ್ನು ತಟ್ಟಿ ಸಮ ಮಾಡಿ, ಬೆಳಕಿಗೆ ಹಿಡಿಯಿರಿ. ಆ ಕಾಲಂನ ತೂತು ಕಟ್ಟಿನ ಉದ್ದಕ್ಕೂ ಆರಪಾರ ಕಾಣಬೇಕು. ಕಾಣದಿದ್ದರೆ ಬೇರೆ ಅಂಕಿಯ ಕಾರ್ಡ್ ನಡುವೆ ಸಿಕ್ಕಿಕೊಂಡಿದೆ.

ಸಂಖ್ಯೆಯೇ ಇಲ್ಲದ ಕಾರ್ಡ್‌ಗಳು ಮೊದಲ ಸುತ್ತಿನಲ್ಲೇ ರಿಜೆಕ್ಟ್ ಖಾನೆಗೆ ಬೀಳುತ್ತವೆ. ಅವನ್ನು ಪಕ್ಕಕ್ಕಿಡಿ, ಕೊನೆಗೆ ಪ್ರಿಂಟ್‌ಔಟ್ ನೋಡಿ ಜಾಗಕ್ಕೆ ಸೇರಿಸಿ. ಸಂಖ್ಯೆಗಳು ಹತ್ತರ ಅಂತರದಲ್ಲಿದ್ದರೆ ನಡುವಿನ ಸಂಖ್ಯೆಯನ್ನು ಆಗಲೇ ಪಂಚ್ ಮಾಡಿಬಿಡಿ.