ಭಿನ್ನರಾಶಿಯ ಭಯವನ್ನು ಬಿಡಿಸುವ ಬಗೆ

ಕೂಡುವ, ಕಳೆಯುವ ಲೆಕ್ಕಗಳನ್ನು ಉತ್ಸಾಹದಿಂದ ಮಾಡುತ್ತಿದ್ದ ಮಗು ಐದನೆಯ ಅಥವಾ ಆರನೆಯ ತರಗತಿಗೆ ಬಂದ ಮೇಲೆ “ನನಗೆ ಗಣಿತ ತಲೆಗೆ ಹತ್ತುವುದಿಲ್ಲ” ಎನ್ನತೊಡಗಿದರೆ, ಹೆತ್ತವರಾಗಲಿ ಶಿಕ್ಷಕರಾಗಲಿ ಮೊದಲು ತೆರೆದು ನೋಡಬೇಕಾದದ್ದು ಭಿನ್ನರಾಶಿಯ ಪುಟಗಳನ್ನು. ಅಲ್ಲಿಯವರೆಗೆ ಮಗು ನಂಬಿದ್ದ ನಿಯಮಗಳೆಲ್ಲ ಆ ಪುಟಗಳಲ್ಲಿ ಕೈಕೊಡುತ್ತವೆ. ನಾಲ್ಕು ಮೂರಕ್ಕಿಂತ ದೊಡ್ಡದಾದರೂ 1/4 ಎಂಬುದು 1/3ಕ್ಕಿಂತ ಚಿಕ್ಕದು. ಗುಣಿಸಿದರೆ ಉತ್ತರ ಕಿರಿದಾಗಬಹುದು, ಭಾಗಿಸಿದರೆ ಹಿರಿದಾಗಬಹುದು. ಹೀಗೇಕೆ ಎಂಬುದನ್ನು ಯಾರೂ ಬಿಡಿಸಿ ಹೇಳದಿದ್ದಾಗ ಮಗು ವಿಧಾನವನ್ನು ಬಾಯಿಪಾಠ ಮಾಡುತ್ತದೆ. ಅದು ಮರೆತುಹೋದ ದಿನ ತನ್ನ ಬುದ್ಧಿಯನ್ನೇ ಅನುಮಾನಿಸತೊಡಗುತ್ತದೆ. ಅನುಪಾತ, ಶೇಕಡಾ, ಬೀಜಗಣಿತದ ಸಮೀಕರಣಗಳು ಎಲ್ಲವೂ ಭಿನ್ನರಾಶಿಯ ಮೇಲೆ ನಿಂತಿರುವುದರಿಂದ ಇಲ್ಲಿ ಉಳಿದ ಗೊಂದಲ ಪ್ರೌಢಶಾಲೆಯವರೆಗೂ ಹಿಂಬಾಲಿಸುತ್ತದೆ.

ತೊಡಕು ಎಲ್ಲಿದೆ ಎಂದು ಪತ್ತೆಹಚ್ಚಲು ದೊಡ್ಡ ಪರೀಕ್ಷೆಯೇನೂ ಬೇಡ. 1/3 ಮತ್ತು 1/4ರಲ್ಲಿ ಯಾವುದು ದೊಡ್ಡದು, 2/4 ಮತ್ತು 1/2 ಒಂದೆಯೇ ಬೇರೆಯೇ, 1/2ಕ್ಕೆ 1/3 ಕೂಡಿದರೆ ಎಷ್ಟು ಎಂಬ ಮೂರು ಪ್ರಶ್ನೆಗಳು ಸಾಕು. ಉತ್ತರ ಬಂದ ಕೂಡಲೇ ಸರಿ, ತಪ್ಪು ಎನ್ನದೆ, ಸರಿಯುತ್ತರಕ್ಕೂ ತಪ್ಪುತ್ತರಕ್ಕೂ ಒಂದೇ ದನಿಯಲ್ಲಿ “ಹೇಗೆ ಯೋಚಿಸಿದೆ, ಹೇಳು” ಎಂದು ಕೇಳಬೇಕು. ತಪ್ಪಾದಾಗ ಮಾತ್ರ ಹಾಗೆ ಕೇಳಿದರೆ ಆ ಪ್ರಶ್ನೆಯೇ ಗದರಿಕೆಯಂತೆ ಕೇಳಿಸುತ್ತದೆ.

ಮೂರನೆಯ ಪ್ರಶ್ನೆಗೆ ಬಹಳ ಮಕ್ಕಳು 2/5 ಎಂದು ಬರೆಯುತ್ತಾರೆ: ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು. ಇದನ್ನು ಕೆಂಪು ಶಾಯಿಯಿಂದ ಹೊಡೆದುಹಾಕುವ ಬದಲು ಗಡಿಯಾರವನ್ನು ಮುಂದಿಡಿ. ಅರ್ಧ ಗಂಟೆ ಓದಿ, ಗಂಟೆಯ ಮೂರನೆಯ ಒಂದು ಭಾಗ ಆಟವಾಡಿದರೆ ಒಟ್ಟು ಎಷ್ಟು ನಿಮಿಷವಾಯಿತು? ಮೂವತ್ತು ಮತ್ತು ಇಪ್ಪತ್ತು ಸೇರಿ ಐವತ್ತು ಎಂದು ಮಗುವೇ ಹೇಳುತ್ತದೆ. ಹಾಗಾದರೆ ಗಂಟೆಯ 2/5 ಭಾಗ ಎಷ್ಟು ನಿಮಿಷ? ಇಪ್ಪತ್ತನಾಲ್ಕು. ಓದಿದ ಸಮಯವೇ ಮೂವತ್ತು ನಿಮಿಷವಾಗಿರುವಾಗ, ಆಟವನ್ನೂ ಸೇರಿಸಿದ ಮೊತ್ತ ಇಪ್ಪತ್ತನಾಲ್ಕಾಗುವುದು ಹೇಗೆ? ಈ ಅಸಂಗತಿಯನ್ನು ಮಗು ತಾನೇ ಕಂಡುಹಿಡಿಯುವಂತೆ ಕಾಯುವುದು ಮುಖ್ಯ. ಅರ್ಧ ನಿಮಿಷದ ಮೌನವಾದರೂ ಸಹಿಸಿಕೊಳ್ಳಿ. 50/60 ಎಂಬುದೇ 5/6 ಎಂದು ಆಮೇಲೆ ತೋರಿಸಿದರೆ, ಛೇದಗಳನ್ನು ಒಂದೇ ಮಾಡುವುದು ಏಕೆ ಬೇಕೆಂಬುದು ಮನಸ್ಸಿಗೆ ಇಳಿಯುತ್ತದೆ. ಎರಡು ಬೇರೆ ಅಳತೆಗಳನ್ನು ಕೂಡಬೇಕಾದರೆ ಮೊದಲು ಎರಡನ್ನೂ ಒಂದೇ ಚಿಕ್ಕ ಅಳತೆಗೆ ತರಬೇಕು; ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ, ಅಂದರೆ ಎರಡೂ ಛೇದಗಳಿಂದ ಶೇಷವಿಲ್ಲದೆ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) ಮಾಡುವ ಕೆಲಸ ಅದೇ.

ಹಳ್ಳಿಯ ಮಕ್ಕಳಿಗೆ ಗಡಿಯಾರಕ್ಕಿಂತಲೂ ಹತ್ತಿರವಾದ ಅಳತೆ ಹೊಲದ್ದು. ಒಂದು ಎಕರೆಗೆ 40 ಗುಂಟೆ. ಅರ್ಧ ಎಕರೆ 20 ಗುಂಟೆ, ಕಾಲು ಎಕರೆ 10, ಐದನೆಯ ಒಂದು ಭಾಗ 8, ಎಂಟನೆಯ ಒಂದು ಭಾಗ 5. 1/2ಕ್ಕೆ 1/5 ಕೂಡಿದರೆ 28 ಗುಂಟೆ, ಅಂದರೆ 28/40 ಅಥವಾ 7/10. ಕಾಲು, ಅರೆ, ಮುಕ್ಕಾಲು, ಅರೆಕಾಲು (ಕಾಲಿನ ಅರ್ಧ, 1/8) ಎಂಬ ಮಾತುಗಳು ನಮ್ಮ ಮನೆಗಳಲ್ಲಿ ಇಂದಿಗೂ ಇವೆ. ಹಿಂದಿನ ಶಾಲೆಗಳಲ್ಲಿ ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳನ್ನೂ ಹೇಳಿಸುತ್ತಿದ್ದರು. ಅಜ್ಜಿ ಆಡುವ “ಮುಕ್ಕಾಲು” ಮತ್ತು ಪುಸ್ತಕದ “3/4” ಒಂದೇ ಎಂದು ತಿಳಿಯದ ಮಕ್ಕಳು ಎಷ್ಟೋ ಇದ್ದಾರೆ ಎಂಬುದು ನನ್ನನ್ನು ಈಗಲೂ ಕಾಡುವ ಸಂಗತಿ.

ಚಿತ್ರ ಬರೆಯುವಾಗ ದುಂಡನೆಯ ರೊಟ್ಟಿಗಿಂತ ಉದ್ದನೆಯ ಕಾಗದದ ಪಟ್ಟಿ ಉತ್ತಮ. ವೃತ್ತವನ್ನು ಮೂರು ಅಥವಾ ಐದು ಸಮಭಾಗ ಮಾಡುವುದು ದೊಡ್ಡವರಿಗೂ ಕಷ್ಟ. ಪಟ್ಟಿಯಾದರೆ ಮಡಿಸಬಹುದು, ಅದನ್ನೇ ನೆಲದ ಮೇಲಿಟ್ಟು ಸಂಖ್ಯಾರೇಖೆಯಾಗಿಯೂ ಬಳಸಬಹುದು.

ಭಾಗಾಕಾರವನ್ನು “ತಲೆಕೆಳಗು ಮಾಡಿ ಗುಣಿಸು” ಎಂಬ ಸೂತ್ರದಿಂದ ಆರಂಭಿಸಬೇಡಿ. ಮೂರು ಲೀಟರ್ ಹಾಲಿಗೆ ಅರ್ಧ ಲೀಟರಿನ ಪ್ಯಾಕೆಟ್‌ಗಳು ಎಷ್ಟು ಬೇಕು ಎಂದು ಕೇಳಿ; ಆರು ಎಂದ ಮಗು 3 ÷ 1/2 = 6 ಎಂಬುದನ್ನು ಆಗಲೇ ಮಾಡಿ ಮುಗಿಸಿರುತ್ತದೆ. ಅರ್ಥ ಹೊಳೆದ ನಂತರ ಸೂತ್ರವನ್ನು ಕೊಡುವಾಗ, ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಗಣಿತಜ್ಞ ಮಹಾವೀರಾಚಾರ್ಯರು ಇದೇ ನಿಯಮವನ್ನು ಬರೆದಿಟ್ಟಿದ್ದರು ಎಂಬುದನ್ನೂ ಹೇಳಿ. ಗಣಿತ ಎಲ್ಲಿಂದಲೋ ತಂದು ಹೇರಿದ್ದಲ್ಲ ಎಂಬ ಭಾವನೆ ಮಕ್ಕಳಲ್ಲಿ ಮೂಡುವುದಕ್ಕೆ ಇಂಥ ಮಾತುಗಳು ನೆರವಾಗುತ್ತವೆ.

ಇನ್ನು ಧೈರ್ಯದ ವಿಷಯ. “ನೀನು ಜಾಣ” ಎಂದು ಹೊಗಳಿದ ಮಾತ್ರಕ್ಕೆ ಧೈರ್ಯ ಬರುವುದಿಲ್ಲ. ತನ್ನ ಉತ್ತರ ಸರಿಯೇ ಎಂದು ಇನ್ನೊಬ್ಬರ ಮುಖ ನೋಡದೆ ತಾನೇ ತೀರ್ಮಾನಿಸಬಲ್ಲೆ ಎಂದು ಗೊತ್ತಾದಾಗ ಬರುತ್ತದೆ. ಅದಕ್ಕೆ ಅಂದಾಜು ಮಾಡುವ ಅಭ್ಯಾಸ ಬೇಕು. 9/10ಕ್ಕೆ 7/8 ಕೂಡುವ ಮೊದಲೇ “ಉತ್ತರ ಯಾವ ಪೂರ್ಣಸಂಖ್ಯೆಗೆ ಹತ್ತಿರವಿರಬಹುದು?” ಎಂದು ಕೇಳಿ. ಎರಡೂ ಒಂದಕ್ಕೆ ಸ್ವಲ್ಪವೇ ಕಡಿಮೆ, ಆದ್ದರಿಂದ ಮೊತ್ತ ಎರಡಕ್ಕೆ ಸ್ವಲ್ಪ ಕಡಿಮೆ ಎಂದು ಹೇಳಬಲ್ಲ ಮಗು, ಆತುರದಲ್ಲಿ 16/18 ಎಂದು ಬರೆದರೂ ಅದನ್ನು ತಾನೇ ಅಳಿಸುತ್ತದೆ. ಗುಂಟೆಯ ಲೆಕ್ಕದಲ್ಲಿ 36ಕ್ಕೆ 35 ಸೇರಿ 71. ಅಂದರೆ ಒಂದು ಎಕರೆ 31 ಗುಂಟೆ, 71/40. ಅಂದಾಜಿಗೂ ಉತ್ತರಕ್ಕೂ ತಾಳೆಯಾಯಿತು.

ಮನೆಯಲ್ಲಿ ದಿನಕ್ಕೆ ಹದಿನೈದು ನಿಮಿಷ ಸಾಕು. ನಾಲ್ಕು ಲೆಕ್ಕಗಳಿರಲಿ: ಎರಡು ಮಗುವಿಗೆ ಚೆನ್ನಾಗಿ ಬರುವಂಥವು, ಒಂದು ಹೊಸದು, ಒಂದು ಮಗುವೇ ರಚಿಸಿ ನಿಮಗೆ ಕೊಡುವಂಥದು. “ನಮ್ಮ ವಂಶದಲ್ಲೇ ಯಾರಿಗೂ ಲೆಕ್ಕ ಬರುತ್ತಿರಲಿಲ್ಲ” ಎಂಬ ಸಮಾಧಾನದ ಮಾತನ್ನು ಮಕ್ಕಳ ಮುಂದೆ ದಯವಿಟ್ಟು ಆಡಬೇಡಿ. ಅದು ಪ್ರೀತಿಯಿಂದ ಹೇಳಿದ್ದೇ ಆದರೂ ಪ್ರಯತ್ನ ವ್ಯರ್ಥ ಎಂದೇ ಮಗುವಿಗೆ ಅರ್ಥವಾಗುತ್ತದೆ. ತರಗತಿಯಲ್ಲಾದರೆ ತಪ್ಪು ಉತ್ತರವನ್ನು ಯಾರದೆಂದು ಹೇಳದೆ ಹಲಗೆಯ ಮೇಲೆ ಬರೆದು, ಹೀಗೆ ಮಾಡಿದವರು ಏನು ಯೋಚಿಸಿರಬಹುದು ಎಂದು ಎಲ್ಲರನ್ನೂ ಕೇಳಬಹುದು.

ಛೇದದ ಅರ್ಥ ನೆಲೆಗೊಂಡ ಮೇಲೆಯೇ ದಶಮಾಂಶಕ್ಕೆ ಹೋಗಿ. 0.125 ಎಂಬುದು 0.5ಕ್ಕಿಂತ ದೊಡ್ಡದು ಎನ್ನುವ ಮಗುವಿಗೆ ರೂಪಾಯಿ, ಪೈಸೆಯ ಉದಾಹರಣೆ ಸಾಲದು. ಅಲ್ಲಿ ಮೂರನೆಯ ಸ್ಥಾನಕ್ಕೆ ನಾಣ್ಯವಿಲ್ಲ. ತಕ್ಕಡಿಯನ್ನು ಬಳಸಿ: 0.125 ಕಿಲೋ ಎಂದರೆ 125 ಗ್ರಾಂ, 0.5 ಕಿಲೋ ಎಂದರೆ 500 ಗ್ರಾಂ. ಆ 125 ಗ್ರಾಂ ಒಂದು ಕಿಲೋದ ಎಷ್ಟನೆಯ ಭಾಗ ಎಂದು ಕೇಳಿ, ಅರೆಕಾಲು ಎಂಬ ಮಾತು ಮಗುವಿನ ಬಾಯಿಂದಲೇ ಬರುವವರೆಗೆ ಕಾಯಿರಿ.