ಕೆಂಪು ಜೇಡಿಯಿಂದ ಪಂಥಾಸಾರಸ್ ಮೂಳೆ ಬಿಡಿಸಿದ ಬಗೆ

ತೆಲಂಗಾಣದ ಪ್ರಾಣಹಿತಾ-ಗೋದಾವರಿ ಕಣಿವೆಯ ಮಲೇರಿ ಶಿಲಾಸ್ತರಗಳಲ್ಲಿ ಸಿಗುವ ಪಂಥಾಸಾರಸ್, ಟ್ರಯಾಸಿಕ್ ಯುಗದ ಕೊನೆಯ ಭಾಗದಲ್ಲಿ, ಅಂದರೆ 22 ಕೋಟಿ ವರ್ಷಗಳಿಗೂ ಹಿಂದೆ, ನದಿ-ಕೆರೆಗಳಲ್ಲಿ ಬಾಳಿದ ದೊಡ್ಡ ಉಭಯವಾಸಿ. 1965ರಲ್ಲಿ ಪಳೆಯುಳಿಕೆ ತಜ್ಞ ರಾಯ್ ಚೌಧುರಿಯವರು ಇದನ್ನು ಮೆಟೊಪೊಸಾರಸ್ ಕುಲಕ್ಕೆ ಸೇರಿಸಿ ವಿವರಿಸಿದ್ದರು. ಬಹುಕಾಲದ ನಂತರವೇ ಇದಕ್ಕೆ ಸ್ವಂತ ಕುಲದ ಹೆಸರು ದೊರೆಯಿತು. ಆ ಸ್ತರಗಳಿಂದ ಬಂದ ಎದೆಕಟ್ಟಿನ ಒಂದು ಚಪ್ಪಟೆ ಮೂಳೆಯನ್ನು ಸ್ವಚ್ಛಗೊಳಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು.

ಹೊಲದಂಚಿನಲ್ಲೇ ಮೂಳೆಗೆ ಒದ್ದೆ ಟಿಶ್ಯೂ ಕಾಗದ ಹೊದಿಸಿ, ಅದರ ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಅದ್ದಿದ ಗೋಣಿಬಟ್ಟೆಯ ಪಟ್ಟಿಗಳನ್ನು ಸುತ್ತಿ ತಂದಿದ್ದೆವು. ಕಾಗದವಿಲ್ಲದಿದ್ದರೆ ಪ್ಲಾಸ್ಟರ್ ಮೂಳೆಗೇ ಕಚ್ಚಿಕೊಂಡು, ಬಿಚ್ಚುವಾಗ ಮೇಲ್ಮೈಯನ್ನೇ ಕಿತ್ತುಕೊಂಡು ಬರುತ್ತದೆ.

ಈ ಪ್ರಾಣಿಯ ಮೂಳೆಯಲ್ಲಿ ಕಾಪಾಡಬೇಕಾದದ್ದೆಲ್ಲ ಮೇಲ್ಮೈಯಲ್ಲೇ ಇದೆ. ನಡುವೆ ಜೇನುಹಟ್ಟಿನಂತೆ ಒತ್ತೊತ್ತಾಗಿ ಕೂತ ಸಣ್ಣ ಗುಳಿಗಳು, ಅಲ್ಲಿಂದ ಅಂಚಿನ ಕಡೆಗೆ ಹೋದಂತೆ ಉದ್ದವಾಗಿ ಎಳೆದ ಗೀರುಗಳಾಗುತ್ತವೆ. ಗುಳಿಗಳ ನಡುವಣ ಏಣುಗಳು ಎಷ್ಟು ತೆಳುವೆಂದರೆ ಉಕ್ಕಿನ ಸೂಜಿ ಅಡ್ಡಲಾಗಿ ಜಾರಿದರೆ ಮುರಿದೇ ಹೋಗುತ್ತವೆ. ಆದ್ದರಿಂದ ಮೆತ್ತಗಿನ ಜೇಡಿಯನ್ನು ಆಲ್ಕೋಹಾಲ್‌ನಲ್ಲಿ ಅದ್ದಿದ ಕುಂಚದಿಂದ ನೆನೆಸಿ, ಚೂಪು ಮಾಡಿದ ಬಿದಿರಿನ ಕಡ್ಡಿಯನ್ನು ಏಣಿನ ಗುಂಟ ಮಾತ್ರ ಆಡಿಸುತ್ತ, ಒಂದೊಂದೇ ಗುಳಿಯಿಂದ ಮಣ್ಣನ್ನು ಎತ್ತಿದೆ. ನೀರು ಬಳಸಲಿಲ್ಲ, ಏಕೆಂದರೆ ಆ ಜೇಡಿ ನೀರು ಕುಡಿದು ಉಬ್ಬಿದರೆ ಮೂಳೆಯ ಬಿರುಕುಗಳೂ ಬಾಯಿಬಿಡುತ್ತವೆ. ತೆರೆದುಕೊಂಡ ಭಾಗಕ್ಕೆ ಅಸಿಟೋನ್‌ನಲ್ಲಿ ಕರಗಿಸಿದ ಪ್ಯಾರಾಲಾಯ್ಡ್ ಬಿ-72 ಎಂಬ, ಮೂಳೆಯನ್ನು ಗಟ್ಟಿಗೊಳಿಸುವ ಪಾರದರ್ಶಕ ರಾಳವನ್ನು ತೆಳುವಾಗಿ ಹಚ್ಚಿ, ಒಣಗಿದ ಮೇಲೆಯೇ ಮುಂದಿನ ಗುಳಿಗೆ ಹೋಗುತ್ತಿದ್ದೆ. ದಪ್ಪಗೆ ಹಚ್ಚಿದರೆ ಮೂಳೆ ಹೊಳೆಯುತ್ತದೆ, ಗೀರುಗಳು ಫೋಟೋದಲ್ಲಿ ಕಾಣುವುದಿಲ್ಲ. ಹಳೆಯ ಸಂಗ್ರಹಗಳಲ್ಲಿ ವಾರ್ನಿಷ್ ಬಳಿದ ಮೂಳೆಗಳನ್ನು ಕಂಡಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಒಂದು ಅಂಚಿನಲ್ಲಿ ಸುಣ್ಣದ ಗಟ್ಟಿ ಪದರ ಕುಳಿತಿತ್ತು. ಅದನ್ನು ಸೂಜಿಯಿಂದ ಕೆರೆಯುವುದಕ್ಕಿಂತ ಬಹಳ ತೆಳುಗೊಳಿಸಿದ ಅಸಿಟಿಕ್ ಆಮ್ಲದಲ್ಲಿ ಕರಗಿಸುವುದೇ ಲೇಸು. ಆಮ್ಲ ಸುಣ್ಣವನ್ನು ಕರಗಿಸುವಷ್ಟು ಬೇಗ ಮೂಳೆಯ ಫಾಸ್ಫೇಟನ್ನು ಕರಗಿಸುವುದಿಲ್ಲ. ಆದರೂ ಪ್ರತಿ ಸಲವೂ ಮೂಳೆಗೆ ರಕ್ಷಣೆಯ ಲೇಪ ಕೊಟ್ಟು, ಆ ಅಂಚನ್ನು ಮಾತ್ರ ಅದ್ದಿ, ಆಮ್ಲದ ಲವಣ ಒಳಗೆ ಉಳಿಯದಂತೆ ಶುದ್ಧ ನೀರಿನಲ್ಲಿ ಬಹಳ ಹೊತ್ತು ತೊಳೆಯಬೇಕು. ಜೇಡಿಯೆಲ್ಲ ಹೋದ ಮೇಲೆ ನೀರಿನ ಭಯ ಅಷ್ಟಾಗಿ ಇರುವುದಿಲ್ಲ.

ಗುರುತಿಸುವಾಗ ಅವಸರ ಸಲ್ಲದು. ಅದೇ ಸ್ತರದಲ್ಲಿ ಸಿಗುವ ಫೈಟೋಸಾರ್ ಎಂಬ ಸರೀಸೃಪದ ಬೆನ್ನುಫಲಕಗಳಲ್ಲೂ ಗುಳಿಗಳಿರುತ್ತವೆ. ಮೇಲಿನ ಮಲೇರಿಯಲ್ಲಿ ಚಿಗುಟಿಸಾರಿಡ್ ಎಂಬ ಬೇರೊಂದು ಉಭಯವಾಸಿ ಕುಟುಂಬವಿದೆ, ಕೊಂಬಿನಂತೆ ಹಿಂದಕ್ಕೆ ಚಾಚಿದ ಬುರುಡೆಯ ಕಾಂಪ್ಸೊಸೆರಾಪ್ಸ್ ಆ ಗುಂಪಿನದು. ನನ್ನ ಮೂಳೆ ಕೆಳಗಿನ ಸ್ತರದ್ದಾಗಿದ್ದು, ಗೀರುಗಳ ಹರವೂ ಮೆಟೊಪೊಸಾರಿಡ್‌ಗಳದಕ್ಕೆ (ಮೆಟೊಪೊಸಾರಸ್, ಪಂಥಾಸಾರಸ್‌ಗಳಿರುವ ಕುಟುಂಬ) ಹೊಂದುತ್ತಿದ್ದುದರಿಂದ ಪಂಥಾಸಾರಸ್ ಎಂದು ಬರೆಯುವ ಆಸೆ ಸಹಜವಾಗಿಯೇ ಇತ್ತು. ಆದರೆ ಕುಲವನ್ನು ಖಚಿತಪಡಿಸುವ ಲಕ್ಷಣಗಳು ಹೆಚ್ಚಾಗಿ ಬುರುಡೆಯ ಮೂಳೆಗಳಲ್ಲಿರುವುದರಿಂದ, ಚೀಟಿಯಲ್ಲಿ ‘ಮೆಟೊಪೊಸಾರಿಡ್, ಬಹುಶಃ ಪಂಥಾಸಾರಸ್’ ಎಂದು ಬರೆದು, ಸಿಕ್ಕ ಸ್ತರವನ್ನೂ ಬಳಸಿದ ಲೇಪವನ್ನೂ ಅದರ ಕೆಳಗೆ ನಮೂದಿಸಿದೆ.